ಕಾಂಕ್ರೀಟಿನೊಳಗಿನ ಕಂಬಿಯ ತುಕ್ಕು: ಮಲೆನಾಡಿನ ಕಟ್ಟಡಕ್ಕೆ ಯಾವ ಪರೀಕ್ಷೆ, ಯಾವಾಗ?

ಬಚ್ಚಲುಮನೆಯ ತಾರಸಿಯಿಂದ ಹೆಂಟೆಯಷ್ಟು ಗಾರೆ ಕಳಚಿ ಹಂಡೆಯೊಳಗೆ ಬಿದ್ದ ಮೇಲೆಯೇ ಹೆಚ್ಚಿನ ಮನೆಗಳಲ್ಲಿ ಕಂಬಿಯ ನೆನಪಾಗುವುದು. ಮೇಸ್ತ್ರಿ ಬಂದು "ಕೆರೆದು ಮೆತ್ತಿದರೆ ಆಯ್ತು" ಅನ್ನುತ್ತಾನೆ. ಎಂಜಿನಿಯರ್ "ಹಾಫ್ ಸೆಲ್ ಟೆಸ್ಟ್ ಮಾಡಿಸಿ" ಅನ್ನುತ್ತಾರೆ, ಅಂದರೆ ಕಂಬಿಯ ವಿದ್ಯುತ್ ವಿಭವ (ವೋಲ್ಟೇಜ್) ಅಳೆದು ತುಕ್ಕನ್ನು ಊಹಿಸುವ ಪರೀಕ್ಷೆ. ಮಾಡಿಸಿದರೆ ಕೆಂಪು, ಹಳದಿ, ಹಸಿರು ಬಣ್ಣದ ನಕ್ಷೆಯೊಂದು ಕೈಗೆ ಬರುತ್ತದೆ, ಅದರ ಕೆಳಗೆ ಮೈನಸ್ 350 ಮಿಲಿವೋಲ್ಟ್ ಎಂಬ ಗಡಿ ಬರೆದಿರುತ್ತದೆ. ಆ ಒಂದು ಸಂಖ್ಯೆ ಹಿಡಿದು ಸ್ಲ್ಯಾಬ್ ಒಡೆಯಬೇಕೋ ಉಳಿಸಿಕೊಳ್ಳಬೇಕೋ ಎಂದು ತೀರ್ಮಾನಿಸಲು ಹೋದರೆ ಮಲೆನಾಡಿನಲ್ಲಿ ಎರಡೂ ಕಡೆಗೆ ಮೋಸ ಹೋಗುತ್ತೀರಿ: ಗಟ್ಟಿ ಇದ್ದದ್ದನ್ನು ಒಡೆಯುತ್ತೀರಿ, ಕೆಟ್ಟದ್ದನ್ನು ಬಿಡುತ್ತೀರಿ.

"ಕಂಬಿ ತುಕ್ಕು ಹಿಡಿದಿದೆಯಾ?" ಅನ್ನುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ನಾಲ್ಕಿವೆ. ತುಕ್ಕು ಹಿಡಿಯುವ ಪರಿಸ್ಥಿತಿ ಒಳಗೆ ಬಂದಿದೆಯೇ? ಸದ್ಯ ಎಲ್ಲೆಲ್ಲಿ ಹಿಡಿಯುತ್ತಿದೆ? ಎಷ್ಟು ವೇಗದಲ್ಲಿ? ಈಗಾಗಲೇ ಎಷ್ಟು ತಿಂದುಹಾಕಿದೆ? ಮೊದಲನೆಯದಕ್ಕೆ ಕ್ಷಾರ ಇದ್ದ ಕಡೆ ಗುಲಾಬಿಯಾಗುವ ಫಿನಾಲ್ಫ್ಥಲೀನ್, ಕವರ್ (ಕಂಬಿಯ ಮೇಲಿನ ಕಾಂಕ್ರೀಟಿನ ದಪ್ಪ) ಅಳೆಯುವ ಕವರ್ ಮೀಟರ್ ಮತ್ತು ಕ್ಲೋರೈಡ್ ಪರೀಕ್ಷೆ. ಎರಡನೆಯದಕ್ಕೆ ಹಾಫ್ ಸೆಲ್. ಮೂರನೆಯದಕ್ಕೆ ಪೋಲರೈಸೇಶನ್ ಉಪಕರಣ, ಅದಕ್ಕೆ ಜೊತೆಯಾಗಿ ಕಾಂಕ್ರೀಟಿನ ವಿದ್ಯುತ್ ರೋಧ ಅಳೆಯುವ ರೆಸಿಸ್ಟಿವಿಟಿ ಮೀಟರ್. ನಾಲ್ಕನೆಯದಕ್ಕೆ ಮಾತ್ರ ಉಳಿ, ಸುತ್ತಿಗೆ, ಕಂಬಿಯ ವ್ಯಾಸ ಅಳೆಯುವ ವರ್ನಿಯರ್ ಬಿಟ್ಟು ಬೇರೆ ದಾರಿಯಿಲ್ಲ. ಒಂದರ ಉತ್ತರವನ್ನು ಇನ್ನೊಂದರ ಯಂತ್ರದಿಂದ ಕೇಳಿದಾಗಲೇ ಎಡವಟ್ಟಾಗುವುದು.

ಇಲ್ಲಿನ ತುಕ್ಕು ಕರಾವಳಿಯ ತುಕ್ಕಲ್ಲ

ಹೊಸ ಕಾಂಕ್ರೀಟಿನ ಒಳಗೆ ಪಿಎಚ್ 12.5ರಿಂದ 13ರ ಆಸುಪಾಸು ಇರುತ್ತದೆ. ಆ ಕ್ಷಾರದಲ್ಲಿ ಕಂಬಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ಅದೇ ಕವಚವಾಗುತ್ತದೆ. ಕವಚ ಒಡೆಯಲು ಎರಡು ದಾರಿ. ಒಂದು ಕ್ಲೋರೈಡ್, ಅಂದರೆ ಉಪ್ಪು. ಕ್ಷಾರ ಹಾಗೇ ಇದ್ದರೂ ಅದು ಅಲ್ಲಲ್ಲಿ ಕವಚ ತೂರಿ ಗುಳಿ ಕೊರೆಯುತ್ತದೆ. ಇನ್ನೊಂದು ಕಾರ್ಬೊನೇಶನ್. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಸಿಮೆಂಟಿನ ಸುಣ್ಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡಿಬಿಡುತ್ತದೆ, ಪಿಎಚ್ 9ರ ಕೆಳಗೆ ಬೀಳುತ್ತದೆ, ಕವಚ ಒಂದು ಕಡೆಯಿಂದ ಕರಗುತ್ತಾ ಬರುತ್ತದೆ.

ಘಟ್ಟದ ಮೇಲೆ ಸಮುದ್ರದ ಉಪ್ಪುಗಾಳಿ ಇಲ್ಲ, ತುಂಗೆಯ ಮರಳಿನಲ್ಲಿ ಉಪ್ಪಿಲ್ಲ. ಆದ್ದರಿಂದ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಸಾಮಾನ್ಯ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಾರ್ಬೊನೇಶನ್ ಮತ್ತು ನೀರಿನ ಜೋಡಿಯನ್ನು. ಇವೆರಡರ ವ್ಯವಹಾರ ವಿಚಿತ್ರ. ಕಾರ್ಬೊನೇಶನ್ ಚುರುಕಾಗಿ ನಡೆಯುವುದು ತೇವಾಂಶ ಶೇ. 50ರಿಂದ 70ರ ನಡುವೆ ಇದ್ದಾಗ. ರಂಧ್ರಗಳಲ್ಲಿ ನೀರು ತುಂಬಿದ್ದರೆ ಅನಿಲ ಒಳಗೆ ಹೋಗುವುದೇ ಇಲ್ಲ. ತುಕ್ಕು ಮಾತ್ರ ನೀರಿಲ್ಲದೆ ನಡೆಯುವುದಿಲ್ಲ. ಅಂದರೆ ಜನವರಿಯಿಂದ ಮೇವರೆಗೆ ಅನಿಲ ತನ್ನ ಕೆಲಸ ಮಾಡುತ್ತದೆ, ಜೂನ್ ಬಂದ ಮೇಲೆ ನೀರು ತನ್ನದನ್ನು ಮಾಡುತ್ತದೆ. ಪಾಳಿ ಬದಲಾಗುತ್ತದೆ, ಕೆಲಸ ನಿಲ್ಲುವುದಿಲ್ಲ. ಮಳೆಗೆ ನೇರವಾಗಿ ಒಡ್ಡಿಕೊಂಡ ಕಂಬಕ್ಕಿಂತ, ಮೇಲೆ ಸೋರುವ, ಕೆಳಗೆ ನೆರಳಿರುವ ಸ್ಲ್ಯಾಬಿನ ತಳ ಬೇಗ ಹಾಳಾಗುವುದು ಇದರಿಂದಲೇ. ಬಚ್ಚಲೊಲೆಯ ಹೊಗೆ ಮತ್ತು ಹಂಡೆಯ ಹಬೆ ಎರಡನ್ನೂ ಒಟ್ಟಿಗೆ ಕುಡಿಯುವ ಬಚ್ಚಲಿನ ಸ್ಲ್ಯಾಬ್, ಅಡಿಕೆ ಬೇಯಿಸುವ ಒಲೆಯ ಮೇಲಿನ ಸ್ಲ್ಯಾಬ್ ಮನೆಯ ಉಳಿದೆಲ್ಲ ಭಾಗಕ್ಕಿಂತ ಮುಂಚೆ ಗಾರೆ ಉದುರಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆ ಎಂದು ಎರಡೂ ಕಡೆಯ ಅಳತೆಗಳನ್ನು ಒಂದೇ ಕಣ್ಣಿನಿಂದ ಓದಬಾರದು.

ಹಾಗಂತ ಕ್ಲೋರೈಡನ್ನು ಪೂರ್ತಿ ಮರೆಯುವಂತಿಲ್ಲ. ಅಡಿಕೆ ತೋಟಕ್ಕೆ ಹಾಕುವ ಮ್ಯೂರೇಟ್ ಆಫ್ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ. ಮಳೆಗಾಲದಲ್ಲಿ ಚೀಲ ಬೆವರಿ ನೆಲಕ್ಕೆ ಇಳಿದ ನೀರು ಕಾಲಂನ ಬುಡಕ್ಕೆ ಏರುತ್ತದೆ. ಗೊಬ್ಬರದ ಗೋದಾಮು, ದನದ ಕೊಟ್ಟಿಗೆ, ಘಟ್ಟದ ಕೆಳಗಿನ ಅಳಿವೆ ಮರಳು ತಂದು ಕಟ್ಟಿದ್ದು, ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ್ದು: ಇಂಥ ಕಡೆ ಕ್ಲೋರೈಡ್ ಪರೀಕ್ಷೆ ಮೊದಲ ಸಾಲಿಗೆ ಬರಬೇಕು.

ಸುತ್ತಿಗೆ, ಕವರ್ ಮೀಟರ್, ಗುಲಾಬಿ ಬಣ್ಣ

ಕಡಿಮೆ ಖರ್ಚಿನ ಈ ಮೂರನ್ನು ಬಿಟ್ಟು ನೇರವಾಗಿ ಯಂತ್ರಕ್ಕೆ ಹೋಗುವುದು ಜ್ವರ ನೋಡದೆ ಸ್ಕ್ಯಾನಿಂಗಿಗೆ ಕಳಿಸಿದಂತೆ. ಅರ್ಧ ಕಿಲೋ ಸುತ್ತಿಗೆಯಿಂದ ಸ್ಲ್ಯಾಬಿನ ತಳವನ್ನು ಗೇಣು ಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ "ಟಣ್" ಅನ್ನುತ್ತದೆ, ಪದರ ಬಿಟ್ಟ ಜಾಗ ಖಾಲಿ ಮಡಕೆಯಂತೆ "ಡಬ್" ಅನ್ನುತ್ತದೆ. ಟೊಳ್ಳು ಸದ್ದು ಬಂದರೆ ಒಡೆದದ್ದು ಪ್ಲಾಸ್ಟರ್ ಮಾತ್ರವೋ ಕಾಂಕ್ರೀಟಿನ ಕವರೋ ಎಂದು ಒಂದು ಕಡೆ ಕೆರೆದು ನೋಡಲೇಬೇಕು. ಎರಡಕ್ಕೂ ಸದ್ದು ಒಂದೇ. ಬಿರುಕು ಕಂಬಿಯ ಉದ್ದಕ್ಕೇ ಓಡಿದ್ದರೆ ತುಕ್ಕಿನದು, ಅಡ್ಡಾದಿಡ್ಡಿ ಬಲೆಯಂತಿದ್ದರೆ ಹೆಚ್ಚಾಗಿ ಪ್ಲಾಸ್ಟರಿನದು. ಸ್ಲ್ಯಾಬ್ ಜೋತು ಬಿದ್ದದ್ದು ಕಣ್ಣಿಗೇ ಕಾಣುತ್ತಿದ್ದರೆ ತಟ್ಟುವ ಮುಂಚೆ ಕೆಳಗೆ ಜಾಕಿ ಕೊಡಿ.

ಕವರ್ ಮೀಟರ್ ಎಂಬುದು ಕಂಬಿ ಎಷ್ಟು ಆಳದಲ್ಲಿದೆ ಎಂದು ಕಾಂತಕ್ಷೇತ್ರದಿಂದ ಅಳೆಯುವ ಉಪಕರಣ. ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456ರ ಪ್ರಕಾರ ಸೌಮ್ಯ ಪರಿಸರಕ್ಕೆ 20 ಮಿ.ಮೀ. ಕವರ್ ಸಾಕು, 12 ಮಿ.ಮೀ.ವರೆಗಿನ ಕಂಬಿಗೆ ಅದರಲ್ಲೂ 5 ಮಿ.ಮೀ. ರಿಯಾಯಿತಿ ಇದೆ. ಆದರೆ ಜೋರು ಮಳೆಗೆ ಒಡ್ಡಿಕೊಂಡ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಕಾಂಕ್ರೀಟನ್ನು ಅದೇ ಸಂಹಿತೆ 'ತೀವ್ರ' ವರ್ಗಕ್ಕೆ ಸೇರಿಸಿ 45 ಮಿ.ಮೀ. ಕವರ್ ಮತ್ತು ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್ ಕೇಳುತ್ತದೆ. ಮಲೆನಾಡಿನ ಸಜ್ಜಾಗಳು, ತಾರಸಿಯ ಅಂಚುಗಳು ಆ ವರ್ಗದವು. ಬಯಲುಸೀಮೆಯ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಮೀಟರ್ ಬಳಸುವಾಗ ಕಂಬಿಯ ವ್ಯಾಸ ಸರಿಯಾಗಿ ಕೊಡಬೇಕು, ಪ್ಲಾಸ್ಟರಿನ ದಪ್ಪ ಕಳೆಯಬೇಕು. ಕಂಬಿಗಳು ಒತ್ತೊತ್ತಾಗಿದ್ದರೆ ಅಥವಾ ಲ್ಯಾಪ್ (ಒಂದರ ಪಕ್ಕ ಒಂದಿಟ್ಟು ಮಾಡಿದ ಜೋಡಣೆ) ಇದ್ದ ಕಡೆ ಅದು ಇರುವುದಕ್ಕಿಂತ ಕಡಿಮೆ ಆಳ ತೋರಿಸುತ್ತದೆ.

ಇನ್ನು ಫಿನಾಲ್ಫ್ಥಲೀನ್. 1 ಗ್ರಾಂ ಪುಡಿಯನ್ನು 70 ಮಿ.ಲೀ. ಆಲ್ಕೋಹಾಲಿನಲ್ಲಿ ಕರಗಿಸಿ 30 ಮಿ.ಲೀ. ಶುದ್ಧ ನೀರು ಬೆರೆಸಿದರೆ ದ್ರಾವಣ ಸಿದ್ಧ. ಕಂಬಿ ಕಾಣುವವರೆಗೆ ಉಳಿಯಿಂದ ಹೊಸದಾಗಿ ಒಡೆದ ಮುಖದ ಮೇಲೆ ಸಿಂಪಡಿಸಬೇಕು. ಕ್ಷಾರ ಉಳಿದ ಕಡೆ ಗಾಢ ಗುಲಾಬಿ, ಕಾರ್ಬೊನೇಟ್ ಆದ ಕಡೆ ಬಣ್ಣವೇ ಇಲ್ಲ. ಹೊರಮೈಯಿಂದ ಗುಲಾಬಿ ಗೆರೆಯವರೆಗಿನ ದೂರವೇ ಕಾರ್ಬೊನೇಶನ್ ಆಳ. ಕೆಡುವುದು ಎಲ್ಲಿ? ಡ್ರಿಲ್ ಹೊಡೆದ ತೂತಿನೊಳಗೆ ಸಿಂಪಡಿಸಿದರೆ ಒಳಗಿನ ಕ್ಷಾರದ ಪುಡಿ ತೂತಿನ ಉದ್ದಕ್ಕೂ ಬಳಿದುಕೊಂಡು ಎಲ್ಲವೂ ಗುಲಾಬಿಯಾಗುತ್ತದೆ. ಒಡೆದ ಮುಖವನ್ನು ನೀರಿನಿಂದ ತೊಳೆದರೂ ಅದೇ ಗತಿ. ಬ್ರಷ್ಷಿನಿಂದ ಧೂಳು ಝಾಡಿಸಿ, ತಡಮಾಡದೆ ಸಿಂಪಡಿಸಿ. ನಿನ್ನೆ ಒಡೆದಿಟ್ಟ ಮುಖ ಇವತ್ತಿನ ಸುದ್ದಿ ಹೇಳುವುದಿಲ್ಲ. ಬಣ್ಣ ಬದಲಾಗುವ ಗೆರೆಗಿಂತ ಸ್ವಲ್ಪ ಮುಂದೆಯೇ ಪಿಎಚ್ ಇಳಿಯತೊಡಗಿರುವುದರಿಂದ ಗೆರೆ ಕಂಬಿಗೆ 5 ಮಿ.ಮೀ. ದೂರದಲ್ಲಿದ್ದರೂ 'ಮುಟ್ಟಿದೆ' ಎಂದೇ ಲೆಕ್ಕ ಹಾಕುವುದು ಕ್ಷೇಮ.

ಈ ಒಂದು ಅಳತೆಯಿಂದ ಮುಂದಿನ ಲೆಕ್ಕವೂ ಸಿಗುತ್ತದೆ, ಯಾಕೆಂದರೆ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. 30 ವರ್ಷದ ಕಟ್ಟಡದಲ್ಲಿ ಆಳ 24 ಮಿ.ಮೀ. ಬಂತೆನ್ನಿ. 30ರ ವರ್ಗಮೂಲ 5.48, 24ನ್ನು ಅದರಿಂದ ಭಾಗಿಸಿದರೆ 4.4. ಇನ್ನು ಕವರನ್ನು ಈ 4.4ರಿಂದ ಭಾಗಿಸಿ ವರ್ಗ ಮಾಡಿದರೆ ಗೆರೆ ಕಂಬಿ ಮುಟ್ಟುವ ವರ್ಷ ಸಿಗುತ್ತದೆ. ಕವರ್ 15 ಮಿ.ಮೀ. ಇದ್ದ ಸ್ಲ್ಯಾಬಿನ ಕಂಬಿಗೆ ಆ ಗೆರೆ ಮುಟ್ಟಿದ್ದು ಕಟ್ಟಿದ 12ನೇ ವರ್ಷದ ಸುಮಾರಿಗೆ. ಅದೇ ಗುಣಮಟ್ಟದ, ಅದೇ ನೆರಳಿನ ಕಾಲಂನಲ್ಲಿ ಕವರ್ 40 ಮಿ.ಮೀ. ಇದ್ದರೆ ಮುಟ್ಟಲು 80 ವರ್ಷ ದಾಟಬೇಕು. ಒಂದೇ ಮನೆಯಲ್ಲಿ ಸ್ಲ್ಯಾಬಿಗೆ ಚಿಕಿತ್ಸೆ, ಕಾಲಂಗೆ ಬರೀ ಬಣ್ಣ ಎಂಬ ತೀರ್ಮಾನ ಇಲ್ಲಿಂದ ಹುಟ್ಟುತ್ತದೆ. ಒಂದು ಎಚ್ಚರ: ಫ್ಲೈ ಆಶ್ ಬೆರೆತ ಪಿಪಿಸಿ ಸಿಮೆಂಟನ್ನು ಸರಿಯಾಗಿ ಕ್ಯೂರಿಂಗ್ ಮಾಡದಿದ್ದರೆ ಕಾರ್ಬೊನೇಶನ್ ಬೇಗ ಓಡುತ್ತದೆ, ಹಾಗಾಗಿ ಪಕ್ಕದ ಮನೆಯ ಅಂಕಿ ನಿಮ್ಮ ಮನೆಗೆ ಒಗ್ಗದು.

ಹಾಫ್ ಸೆಲ್: ಮೈಲುತುತ್ತದ ಕೊಳವೆ ಹೇಳುವುದು, ಹೇಳದಿರುವುದು

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ (ತಾಮ್ರದ ಸಲ್ಫೇಟ್) ಬೋರ್ಡೋ ದ್ರಾವಣ ಹೊಡೆಯುವವರಿಗೆ ಈ ಉಪಕರಣ ಹೊಸದೆನಿಸಬಾರದು. ಒಂದು ಪ್ಲಾಸ್ಟಿಕ್ ಕೊಳವೆ, ಒಳಗೆ ತಾಮ್ರದ ಕಡ್ಡಿ, ಸುತ್ತ ಮೈಲುತುತ್ತದ ಸಂತೃಪ್ತ ದ್ರಾವಣ, ತುದಿಗೆ ನೀರು ಜಿನುಗುವ ಬೆಣೆ. ಅಷ್ಟೇ. ತಳದಲ್ಲಿ ಕರಗದ ಹರಳು ಕಾಣುತ್ತಿರಬೇಕು, ಇಲ್ಲದಿದ್ದರೆ ದ್ರಾವಣ ಸಂತೃಪ್ತವಲ್ಲ. ತೋಟಕ್ಕೆ ತಂದ ಮೈಲುತುತ್ತವನ್ನು ಇದಕ್ಕೆ ಹಾಕಬೇಡಿ. ಅದರಲ್ಲಿ ಕಲಬೆರಕೆ ಇರುತ್ತದೆ, ಪ್ರಯೋಗಾಲಯ ದರ್ಜೆಯದೇ ಬೇಕು.

3 ಮೀಟರ್‌ಗೆ 4 ಮೀಟರ್ ಕೋಣೆಯ ಸ್ಲ್ಯಾಬಿನ ತಳ ಅಳೆಯುವುದನ್ನು ನೋಡೋಣ. ಮೊದಲು ಕವರ್ ಮೀಟರಿನಿಂದ ಕಂಬಿಯ ಜಾಲ ಗುರುತಿಸಿ, ಸುಣ್ಣದ ದಾರದಿಂದ ಅರ್ಧ ಮೀಟರ್ ಚೌಕ ಹಾಕಿ. ಎಣ್ಣೆ ಬಣ್ಣ, ಡಿಸ್ಟೆಂಪರ್, ಟಾರ್ ಇದ್ದರೆ ಕೆರೆಯಿರಿ. ಅವು ಅಯಾನುಗಳ ದಾರಿ ಮುಚ್ಚುತ್ತವೆ. ಗಟ್ಟಿ ಹಿಡಿದಿರುವ ಪ್ಲಾಸ್ಟರಿನ ಮೂಲಕ ಅಳೆಯಬಹುದು, ಟೊಳ್ಳಾದ ಪ್ಲಾಸ್ಟರಿನ ಮೂಲಕ ಆಗದು. ನಂತರ ಒಂದು ಮೂಲೆಯಲ್ಲಿ ಕಂಬಿ ಬಿಡಿಸಿ, ಹೊಳೆಯುವವರೆಗೆ ಉಜ್ಜಿ, ಕ್ಲಾಂಪ್ ಕಚ್ಚಿಸಿ. ಎದುರು ಮೂಲೆಯಲ್ಲೂ ಒಂದು ಕಂಬಿ ಬಿಡಿಸಿ ಎರಡರ ನಡುವಿನ ರೋಧ ನೋಡಿ: 1 ಓಮ್‌ಗಿಂತ ಹೆಚ್ಚಿದ್ದರೆ ಕಂಬಿಗಳ ಸಂಪರ್ಕ ಕಡಿದಿದೆ. ಕಟ್ಟುತಂತಿ ತುಕ್ಕು ಹಿಡಿದ ಹಳೆಯ ಸ್ಲ್ಯಾಬುಗಳಲ್ಲಿ ಇದು ಮಾಮೂಲು. ಆಗ ಪ್ರತಿ ಭಾಗಕ್ಕೂ ಬೇರೆ ಸಂಪರ್ಕ ಬೇಕು. ಈ ಪರೀಕ್ಷೆ ಬಿಟ್ಟ ವರದಿಗೆ ಬೆಲೆಯಿಲ್ಲ.

ವೋಲ್ಟ್‌ಮೀಟರ್ ಕನಿಷ್ಠ 10 ಮೆಗಾ ಓಮ್ ಒಳರೋಧದ್ದಿರಲಿ. ಅದರ ಧನ ತುದಿ ಕಂಬಿಗೆ, ಋಣ ತುದಿ ಎಲೆಕ್ಟ್ರೋಡಿಗೆ, ಅಂದರೆ ಆ ಕೊಳವೆಯ ತಾಮ್ರದ ಕಡ್ಡಿಗೆ. ಸ್ಪಂಜನ್ನು ಲೀಟರಿಗೆ ಒಂದು ಚಮಚ, ಅಂದರೆ 5 ಮಿ.ಲೀ. ಪಾತ್ರೆ ತೊಳೆಯುವ ಸೋಪುದ್ರಾವಣ ಬೆರೆಸಿದ ನೀರಿನಲ್ಲಿ ಅದ್ದಿ ಬೆಣೆಗೆ ಕಟ್ಟಿ. ಮೊದಲ ಬಿಂದುವಿನಲ್ಲಿ ಐದು ನಿಮಿಷ ಹಿಡಿದು ನೋಡಿ. ಅಷ್ಟು ಹೊತ್ತಿನಲ್ಲಿ ಅಂಕಿ 20 ಮಿಲಿವೋಲ್ಟ್‌ಗಿಂತ ಹೆಚ್ಚು ಸರಿದರೆ ಕಾಂಕ್ರೀಟ್ ಒಣಗಿದೆ ಎಂದರ್ಥ. ನೀರು ಚಿಮುಕಿಸಿ, ಕಾದು, ಮತ್ತೆ ಅಳೆಯಿರಿ. ಆದರೆ ನೀರು ಹರಿಯುವಷ್ಟು ಸುರಿಯಬೇಡಿ, ಬಿಂದುಗಳು ಒಂದಕ್ಕೊಂದು ಒದ್ದೆಯಿಂದ ಸೇರಿಕೊಂಡರೆ ವ್ಯತ್ಯಾಸವೇ ಅಳಿಸುತ್ತದೆ.

ಸ್ಲ್ಯಾಬಿನ ತಳಕ್ಕೆ ಎಲೆಕ್ಟ್ರೋಡನ್ನು ತಲೆಕೆಳಗಾಗಿ ಹಿಡಿಯಬೇಕಲ್ಲ, ಅಲ್ಲೇ ಒಂದು ಸಣ್ಣ ಉಪದ್ರವ. ಕೊಳವೆ ಪೂರ್ತಿ ತುಂಬಿರದಿದ್ದರೆ ಗಾಳಿಗುಳ್ಳೆ ಮೇಲೇರಿ ಬೆಣೆಯ ಕೆಳಗೆ ಕೂರುತ್ತದೆ, ದ್ರಾವಣದ ಸಂಪರ್ಕ ತಪ್ಪುತ್ತದೆ, ಅಂಕಿ ಕುಣಿಯುತ್ತದೆ. ಕುಣಿತ ನೋಡಿ "ಇಲ್ಲಿ ಜೋರು ತುಕ್ಕು" ಎಂದು ಬರೆದುಕೊಂಡು ಹೋಗುವವರಿದ್ದಾರೆ. ಕೊಳವೆ ಕಂಠಮಟ್ಟ ತುಂಬಿಸಿ, ಅಲುಗಾಡಿಸಿ, ಗುಳ್ಳೆ ಹೊರಡಿಸಿ. ತೋಳಿನ ಮೇಲೆ ನೀಲಿ ಹನಿ ಬೀಳುವುದಂತೂ ಖಾತ್ರಿ, ಕನ್ನಡಕ ಹಾಕಿಕೊಳ್ಳಿ.

ಈಗ ಓದುವ ವಿಷಯ. ಈ ಪರೀಕ್ಷೆಯ ಅಮೆರಿಕದ ಮಾನಕ ಎಎಸ್‌ಟಿಎಂ ಸಿ 876ರಲ್ಲಿ ಬರುವ ಪ್ರಸಿದ್ಧ ಗಡಿಗಳಿವು: ಮೈನಸ್ 200 ಮಿಲಿವೋಲ್ಟ್‌ಗಿಂತ ಧನದ ಕಡೆಗಿದ್ದರೆ ತುಕ್ಕಿಲ್ಲದಿರುವ ಸಂಭವ ಶೇ. 90ಕ್ಕಿಂತ ಹೆಚ್ಚು, ಮೈನಸ್ 350ಕ್ಕಿಂತ ಋಣದ ಕಡೆಗಿದ್ದರೆ ತುಕ್ಕಿರುವ ಸಂಭವ ಶೇ. 90ಕ್ಕಿಂತ ಹೆಚ್ಚು, ನಡುವಿನದು ಅನಿಶ್ಚಿತ. ಇವು ತಾಮ್ರ-ಮೈಲುತುತ್ತದ ಎಲೆಕ್ಟ್ರೋಡಿನ ಅಂಕಿಗಳು. ಬೆಳ್ಳಿ ಕ್ಲೋರೈಡಿನ ಎಲೆಕ್ಟ್ರೋಡ್ ಬಳಸಿದರೆ ಸುಮಾರು 120 ಮಿಲಿವೋಲ್ಟ್ ಸರಿಸಬೇಕು: ಮೈನಸ್ 350 ಅಲ್ಲಿ ಮೈನಸ್ 230 ಆಗುತ್ತದೆ. ವರದಿಯಲ್ಲಿ ಯಾವ ಎಲೆಕ್ಟ್ರೋಡ್ ಎಂದು ಬರೆದಿರದಿದ್ದರೆ ಕೇಳಿ.

ಅದಕ್ಕಿಂತ ಮುಖ್ಯವಾದದ್ದು, ಆ ಗಡಿಗಳು ಬಂದದ್ದು ಹಿಮ ಕರಗಿಸಲು ಉಪ್ಪು ಸುರಿಯುವ ಅಮೆರಿಕದ ಸೇತುವೆಗಳ ಮೇಲ್ಮೈಯಿಂದ. ಕ್ಲೋರೈಡ್ ತುಕ್ಕಿನ ಅಂಕಿಗಳನ್ನು ನಮ್ಮ ಕಾರ್ಬೊನೇಶನ್ ತುಕ್ಕಿಗೆ ಹಚ್ಚಿದಾಗ ಏನಾಗುತ್ತದೆ? ಏಪ್ರಿಲ್‌ನಲ್ಲಿ ಒಣಗಿದ, ಪೂರ್ತಿ ಕಾರ್ಬೊನೇಟ್ ಆದ ಸ್ಲ್ಯಾಬಿನ ತಳ ಮೈನಸ್ 180 ತೋರಿಸಬಹುದು. ಒಡೆದು ನೋಡಿದರೆ ಕಂಬಿ ಕಂದು. ಅತ್ತ ಆಗಸ್ಟ್‌ನಲ್ಲಿ ನೀರಿನ ಟ್ಯಾಂಕಿನ ತಳಗೋಡೆ ಮೈನಸ್ 600 ತೋರಿಸಬಹುದು. ಒಡೆದರೆ ಕಂಬಿ ಹೊಸದರಂತೆ ಬೂದು. ನೀರು ತುಂಬಿದ ಕಾಂಕ್ರೀಟಿಗೆ ಆಮ್ಲಜನಕ ಇಳಿಯುವುದಿಲ್ಲ. ಆಮ್ಲಜನಕವಿಲ್ಲದೆ ಕಂಬಿಯ ವಿಭವ ಪಾತಾಳಕ್ಕೆ ಬೀಳುತ್ತದೆ, ಆದರೆ ತುಕ್ಕು ಆಗಲಾರದು.

ಹಾಗಾದರೆ ಹಾಫ್ ಸೆಲ್ ದಂಡವೇ? ಅಲ್ಲ. ಒಂಟಿ ಅಂಕಿ ನೋಡುವ ಬದಲು ಪಕ್ಕಪಕ್ಕದ ಬಿಂದುಗಳ ಇಳಿಜಾರು ನೋಡಿ. ಎಲ್ಲ ಕಡೆ ಮೈನಸ್ 450 ಸಮನಾಗಿದ್ದರೆ ಅದು ಹೆಚ್ಚಾಗಿ ಒದ್ದೆಯ ಮಾತು. ಮೈನಸ್ 150ರ ಬಯಲಿನ ನಡುವೆ ಮೈನಸ್ 380ರ ಒಂದು ಬಾವಿ ಇದ್ದರೆ ಅದು ತುಕ್ಕಿನ ಮಾತು. ಪಕ್ಕದ ಎರಡು ಬಿಂದುಗಳ ನಡುವೆ 150 ಮಿಲಿವೋಲ್ಟ್‌ಗಿಂತ ಹೆಚ್ಚು ಅಂತರ ಬಂದ ಕಡೆ ಚೌಕವನ್ನು ಇನ್ನೂ ಚಿಕ್ಕದು ಮಾಡಿ ಮತ್ತೆ ಅಳೆಯಿರಿ. ಎಪಾಕ್ಸಿ ಬಳಿದ ಕಂಬಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಗ್ಯಾಲ್ವನೈಸ್ಡ್ ಕಂಬಿಗೆ ಈ ಗಡಿಗಳೇ ಅನ್ವಯಿಸುವುದಿಲ್ಲ, ಕಾಣುವುದು ಸತುವಿನ ವಿಭವ. ಮನೆಯ ಅರ್ಥಿಂಗ್ ತಂತಿ ಕಂಬಿಗೆ ಸೇರಿಕೊಂಡಿದ್ದರೆ ಅಂಕಿ ಕೆಡುತ್ತದೆ, ಎಲೆಕ್ಟ್ರಿಷಿಯನ್‌ನಿಂದ ತಪಾಸಣೆ ಮಾಡಿಸಿ.

ಯಾವಾಗ ಅಳೆಯಬೇಕು? ಒಂದೇ ಸಲವೆಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್. ಮಳೆ ನಿಂತಿರುತ್ತದೆ, ಕಾಂಕ್ರೀಟಿನೊಳಗೆ ಪಸೆ ಉಳಿದಿರುತ್ತದೆ, ತುಕ್ಕೂ ಚುರುಕಾಗಿರುತ್ತದೆ. ಎರಡು ಸಲ ಸಾಧ್ಯವಾದರೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಎರಡೂ ಕಾಲದಲ್ಲಿ ಅದೇ ಜಾಗದಲ್ಲಿ ಬಾವಿ ಕಂಡರೆ ಅನುಮಾನ ಉಳಿಯದು. ಜುಲೈನಲ್ಲಿ ಮಾಡಿಸುವುದು ದುಡ್ಡು ಹೊಳೆಗೆ ಹಾಕಿದಂತೆ.

ರೆಸಿಸ್ಟಿವಿಟಿ

ಹಾಫ್ ಸೆಲ್‌ನ ಗೊಂದಲ ಬಿಡಿಸಲು ಇದು ಒಳ್ಳೆಯ ಜೊತೆಗಾರ. ಒಂಟಿಯಾಗಿ ಅಷ್ಟು ಉಪಯೋಗವಿಲ್ಲ. ಸಾಲಾಗಿ ನಾಲ್ಕು ಮೊಳೆಗಳಿರುವ ವೆನ್ನರ್ ಉಪಕರಣದಲ್ಲಿ ಹೊರಗಿನ ಎರಡು ವಿದ್ಯುತ್ ಹರಿಸುತ್ತವೆ, ಒಳಗಿನ ಎರಡು ವೋಲ್ಟೇಜ್ ಅಳೆಯುತ್ತವೆ. ಮೊಳೆಗಳ ಅಂತರ ಸಾಮಾನ್ಯವಾಗಿ 50 ಮಿ.ಮೀ. ಸ್ಥೂಲವಾಗಿ 20 ಕಿಲೋ ಓಮ್-ಸೆಂ.ಮೀ. ಮೇಲಿದ್ದರೆ ತುಕ್ಕಿನ ವೇಗ ಕಡಿಮೆ, 10ರಿಂದ 20 ಸಾಧಾರಣ, 5ರಿಂದ 10 ಹೆಚ್ಚು, 5ಕ್ಕಿಂತ ಕೆಳಗೆ ಬಹಳ ಹೆಚ್ಚು. ಕಂಬಿಯ ಮೇಲೆ ಕಂಬಿಯುದ್ದಕ್ಕೆ ಇಟ್ಟರೆ ವಿದ್ಯುತ್ ಕಂಬಿಯಲ್ಲೇ ಓಡಿ ಸುಳ್ಳು ಕಡಿಮೆ ಅಂಕಿ ಬರುತ್ತದೆ. ಎರಡು ಕಂಬಿಗಳ ನಡುವೆ ಕರ್ಣವಾಗಿ ಇಡಬೇಕು. ಒಣ ಕಾರ್ಬೊನೇಟ್ ಪದರ ಅಂಕಿಯನ್ನು ಏರಿಸುತ್ತದೆ, ಮಳೆಗೆ ನೆಂದ ಮೇಲ್ಮೈ ಇಳಿಸುತ್ತದೆ. ವಿಭವ ಬಹಳ ಋಣ, ರೆಸಿಸ್ಟಿವಿಟಿ ಕಡಿಮೆ, ಜೊತೆಗೆ ಇಳಿಜಾರೂ ಕಡಿದಾಗಿದ್ದರೆ ಅಲ್ಲೇ ಮೊದಲು ಒಡೆದು ನೋಡಿ.

ವೇಗ ಅಳೆಯುವ ಯಂತ್ರ ಯಾರಿಗೆ ಬೇಕು?

ಲೀನಿಯರ್ ಪೋಲರೈಸೇಶನ್ ವಿಧಾನದಲ್ಲಿ ಕಂಬಿಯ ವಿಭವವನ್ನು 10ರಿಂದ 20 ಮಿಲಿವೋಲ್ಟ್ ಮಾತ್ರ ಸರಿಸಿ, ಅದಕ್ಕೆ ಎಷ್ಟು ವಿದ್ಯುತ್ ಬೇಕಾಯಿತು ಎಂದು ನೋಡುತ್ತಾರೆ. ಕವಚ ಗಟ್ಟಿಯಿದ್ದರೆ ಸ್ವಲ್ಪವೇ ಸಾಕು, ತುಕ್ಕು ನಡೆಯುತ್ತಿದ್ದರೆ ಹೆಚ್ಚು ಬೇಕು. ಉತ್ತರ ಚದರ ಸೆಂಟಿಮೀಟರಿಗೆ ಇಷ್ಟು ಮೈಕ್ರೋ ಆಂಪಿಯರ್ ಎಂದು ಬರುತ್ತದೆ. 0.1ಕ್ಕಿಂತ ಕೆಳಗೆ ನಗಣ್ಯ, 0.5ರವರೆಗೆ ಕಡಿಮೆ, 1ರವರೆಗೆ ಮಧ್ಯಮ, 1 ದಾಟಿದರೆ ಜೋರು. 1 ಎಂದರೆ ವರ್ಷಕ್ಕೆ 11.6 ಮೈಕ್ರಾನ್ ಸವೆತ. ಎರಡೂ ಬದಿಯಿಂದ ಸವೆದು 8 ಮಿ.ಮೀ. ಕಂಬಿ 20 ವರ್ಷದಲ್ಲಿ ಸುಮಾರು 7.5 ಮಿ.ಮೀ. ಆಗುತ್ತದೆ, ಅಡ್ಡಕೊಯ್ತದಲ್ಲಿ ಶೇ. 11 ಹೋಯಿತು. ಕೇಳಲು ಹೆಚ್ಚೇನಲ್ಲ. ಆದರೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೆ ಉಬ್ಬುತ್ತದೆ, ಕೆಲವೇ ಹತ್ತು ಮೈಕ್ರಾನ್ ಸವೆತಕ್ಕೇ ಕವರ್ ಸೀಳಬಹುದು. ಕಂಬಿ ಸೋಲುವ ಮುಂಚೆ ಕಾಂಕ್ರೀಟ್ ಸೋಲುತ್ತದೆ.

ಯಂತ್ರಕ್ಕೆ ಗಾರ್ಡ್ ರಿಂಗ್, ಅಂದರೆ ವಿದ್ಯುತ್ತನ್ನು ಅಳೆಯುವ ಜಾಗದೊಳಗೇ ಹಿಡಿದಿಡುವ ಹೊರಬಳೆ, ಇರಲೇಬೇಕು. ಇಲ್ಲದಿದ್ದರೆ ವಿದ್ಯುತ್ ಕಂಬಿಯುದ್ದಕ್ಕೂ ಹರಡಿ ಎಷ್ಟು ಉದ್ದವನ್ನು ಅಳೆದೆವೆಂದೇ ಗೊತ್ತಾಗದೆ ವೇಗ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಎಲ್ಲ ಸರಿಯಿದ್ದರೂ ಉತ್ತರ ಎರಡು ಪಟ್ಟು ಆಚೆ ಈಚೆ ಇರಬಹುದು ಎಂದೇ ಓದಬೇಕು. ಅದೂ ಆ ದಿನದ, ಆ ಹವೆಯ ವೇಗ. ನವೆಂಬರಿನ ಅಂಕಿಯನ್ನು 12 ತಿಂಗಳಿಗೆ ಗುಣಿಸಬಾರದು. ಕ್ಲೋರೈಡ್ ಗುಳಿಗಳಿದ್ದರೆ ಗುಳಿಯ ತಳದ ವೇಗ ಸರಾಸರಿಯ ಹಲವು ಪಟ್ಟು. ಗ್ಯಾಲ್ವನೋಸ್ಟ್ಯಾಟಿಕ್ ಪಲ್ಸ್ ಎಂಬ ಇನ್ನೊಂದು ವಿಧಾನ ಒಂದು ಬಿಂದುವನ್ನು ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತದೆ. ನಿಖರತೆ ಸ್ವಲ್ಪ ಕಡಿಮೆಯಾದರೂ ದೊಡ್ಡ ಜಾಗಕ್ಕೆ ಅನುಕೂಲ.

ಸಾಮಾನ್ಯ ಮನೆಗೆ ಇದು ಬೇಡ. ಒಡೆದು ನೋಡುವ ಸ್ವಾತಂತ್ರ್ಯ ಇರುವ ಕಡೆ ವೇಗದ ಯಂತ್ರಕ್ಕೆ ದುಡ್ಡು ಕೊಡುವುದು ಶೋಕಿ. ಸೇತುವೆ, ದೊಡ್ಡ ಟ್ಯಾಂಕ್, ಆಸ್ಪತ್ರೆ, ಶಾಲೆಯಂಥ ಕಡೆ, ರಿಪೇರಿಯನ್ನು ಈ ವರ್ಷ ಮಾಡಬೇಕೋ ಐದು ವರ್ಷ ಬಿಟ್ಟೋ ಎಂಬ ಪ್ರಶ್ನೆ ಇದ್ದಾಗ ಬೇಕು.

ಕ್ಲೋರೈಡ್, ಮತ್ತು ಶೇಕಡಾ ಯಾವುದರ ಶೇಕಡಾ?

20 ಮಿ.ಮೀ. ಬಿಟ್ಟಿನಿಂದ ಹಂತ ಹಂತವಾಗಿ ಕೊರೆದು ಪುಡಿ ಹಿಡಿಯಬೇಕು. ಮೇಲಿನ 5 ಮಿ.ಮೀ. ಬಿಸಾಡಿ, ಮುಂದೆ 5ರಿಂದ 20, 20ರಿಂದ 35, 35ರಿಂದ 50 ಮಿ.ಮೀ. ಎಂದು ಬೇರೆ ಬೇರೆ ಪೊಟ್ಟಣ. ಪ್ರತಿ ಹಂತಕ್ಕೂ ಬಿಟ್ ಒರೆಸಬೇಕು. ಬೆವರು ಕೈಯಿಂದ ಪುಡಿ ಮುಟ್ಟಬೇಡಿ, ಬೆವರಲ್ಲೂ ಉಪ್ಪಿದೆ. ಒಂದು ತೂತಿನ ಪುಡಿ ಸಾಲದು, ಪಕ್ಕಪಕ್ಕ ಮೂರು ತೂತಿನದನ್ನು ಸೇರಿಸಿ. ಪ್ರಯೋಗಾಲಯ ಅದನ್ನು ಆಮ್ಲದಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟಿನಿಂದ ಅಳೆಯುತ್ತದೆ.

ವರದಿ "ಶೇ. 0.05" ಎಂದರೆ ಕಾಂಕ್ರೀಟಿನ ತೂಕದ್ದೋ ಸಿಮೆಂಟಿನ ತೂಕದ್ದೋ ಎಂದು ಕೇಳದೆ ಬಿಡಬೇಡಿ, ಅರ್ಥ ಏಳೆಂಟು ಪಟ್ಟು ಬದಲಾಗುತ್ತದೆ. ಐಎಸ್ 456 ಹೊಸ ಆರ್‌ಸಿಸಿಗೆ ಘನಮೀಟರಿಗೆ 0.6 ಕೆ.ಜಿ. ಮಿತಿ ಹಾಕಿದೆ; 2,400 ಕೆ.ಜಿ. ತೂಗುವ ಕಾಂಕ್ರೀಟಿನಲ್ಲಿ ಅದು ಶೇ. 0.025. ತುಕ್ಕು ಶುರುವಾಗುವ ಮಟ್ಟವೆಂದು ಸಾಮಾನ್ಯವಾಗಿ ಹೇಳುವುದು ಸಿಮೆಂಟಿನ ಶೇ. 0.4, ಘನಮೀಟರಿಗೆ 320 ಕೆ.ಜಿ. ಸಿಮೆಂಟ್ ಇದ್ದರೆ ಕಾಂಕ್ರೀಟಿನ ಲೆಕ್ಕದಲ್ಲಿ ಶೇ. 0.053. ಮೇಲೆ ಹೆಚ್ಚು, ಒಳಗೆ ಹೋದಂತೆ ಕಡಿಮೆ ಇದ್ದರೆ ಉಪ್ಪು ಹೊರಗಿನಿಂದ ಬಂದದ್ದು, ಆ ಗೊಬ್ಬರದ ಚೀಲ ಅಲ್ಲಿಂದ ಎತ್ತಿ. ಎಲ್ಲ ಆಳದಲ್ಲೂ ಸಮನಿದ್ದರೆ ಕಲಸುವಾಗಲೇ ಸೇರಿದ್ದು. ಎರಡನೆಯದಕ್ಕೆ ತೇಪೆ ಹಚ್ಚಿ ಫಲವಿಲ್ಲ: ತೇಪೆಯ ಅಂಚಿನಲ್ಲೇ ಹೊಸ ತುಕ್ಕು ಏಳುತ್ತದೆ.

ಒಡೆದು ಅಳೆಯುವುದು

ಯಾವ ಯಂತ್ರದ ಮಾತಿಗೂ ಕೊನೆಯ ಸಾಕ್ಷಿ ಇದೇ. ಅತಿ ಕೆಟ್ಟದೆಂದು ಕಂಡ ಒಂದೆರಡು ಕಡೆ, ಚೆನ್ನಾಗಿದೆ ಎಂದು ಕಂಡ ಒಂದು ಕಡೆ ಒಡೆಯಿರಿ. ಚೆನ್ನಾಗಿರುವ ಕಡೆ ಒಡೆಯದಿದ್ದರೆ ಪರೀಕ್ಷೆಯನ್ನೇ ಪರೀಕ್ಷಿಸಿದಂತಾಗದು. ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ, ವರ್ನಿಯರ್‌ನಿಂದ ಒಂದೇ ಜಾಗದಲ್ಲಿ ಎರಡು ದಿಕ್ಕಿಗೆ ವ್ಯಾಸ ನೋಡಿ. ಟಿಎಂಟಿಯ ಏಣು ಲೆಕ್ಕ ಕೆಡಿಸುತ್ತದೆ, ಹಾಗಾಗಿ ತುಂಡು ಕತ್ತರಿಸಲು ಅವಕಾಶವಿದ್ದರೆ ತೂಕವೇ ಮೇಲು. ಎಲ್ಲ ಮೇಸ್ತ್ರಿಗೂ ಬಾಯಿಪಾಠವಿರುವ ಸೂತ್ರವೇ ಸಾಕು: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಬರುತ್ತದೆ. 12 ಮಿ.ಮೀ. ಕಂಬಿಯ 30 ಸೆಂ.ಮೀ. ತುಂಡು 267 ಗ್ರಾಂ ಇರಬೇಕು. ತುಕ್ಕು ಪೂರ್ತಿ ತೆಗೆದ ಮೇಲೆ 240 ಬಂದರೆ ಶೇ. 10 ಹೋಗಿದೆ. ಆದರೆ ಹೊಸ ಕಂಬಿಯ ತೂಕದಲ್ಲೇ ಕಂಬಿಯ ಭಾರತೀಯ ಮಾನಕ ಐಎಸ್ 1786 ಈ ಗಾತ್ರಕ್ಕೆ ಶೇ. 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿದೆ. ಹಾಗಾಗಿ ಶೇ. 3, 4ರ ನಷ್ಟವನ್ನು ತೂಕದಿಂದ ಹೇಳಲು ಹೋಗಬೇಡಿ. ತುಂಡು ತೆಗೆದ ಜಾಗದಲ್ಲಿ ಲ್ಯಾಪ್ ಕೊಟ್ಟು ಹೊಸ ಕಂಬಿ ಸೇರಿಸಿಯೇ ಮುಚ್ಚಬೇಕು. ಕತ್ತರಿಸುವ ಜಾಗವನ್ನು ಎಂಜಿನಿಯರ್ ಹೇಳಲಿ, ಪ್ರಯೋಗಾಲಯದ ಹುಡುಗ ಬೇಡ.

ಅಲ್ಟ್ರಾಸೌಂಡ್, ರೇಡಾರ್, ಥರ್ಮಲ್ ಕ್ಯಾಮೆರಾ ಪದರ ಬಿಟ್ಟದ್ದನ್ನೋ ಕಂಬಿಯ ಜಾಗವನ್ನೋ ತೋರಿಸುತ್ತವೆ, ತುಕ್ಕನ್ನಲ್ಲ.

ಯಾವ ಕಟ್ಟಡಕ್ಕೆ ಯಾವುದು

ಮನೆಯ ಸ್ಲ್ಯಾಬಿಗೆ ಸುತ್ತಿಗೆ, ಕವರ್ ಮೀಟರ್, ಮೂರು ನಾಲ್ಕು ಕಡೆ ಫಿನಾಲ್ಫ್ಥಲೀನ್, ಎರಡು ಕಡೆ ಒಡೆದು ವರ್ನಿಯರ್. ಇಷ್ಟಕ್ಕೇ ಹೆಚ್ಚಿನ ತೀರ್ಮಾನ ಆಗಿಬಿಡುತ್ತದೆ. ಹಾಫ್ ಸೆಲ್ ಬೇಕಾಗುವುದು ಮೇಲ್ನೋಟಕ್ಕೆ ಎಲ್ಲ ಸರಿಯಿದ್ದು ಗುಲಾಬಿ ಗೆರೆ ಕಂಬಿ ದಾಟಿರುವಾಗ. ಗೊಬ್ಬರದ ಗೋದಾಮಿಗೆ ಕಾಲಂ ಬುಡದ ಕ್ಲೋರೈಡ್ ಮೊದಲು, ಆಮೇಲೆ ಅದೇ ಕಾಲಂಗಳಿಗೆ ಹಾಫ್ ಸೆಲ್. ಇಲ್ಲಿ ಮೈನಸ್ 350ರ ಗಡಿಗೆ ನಿಜಕ್ಕೂ ಅರ್ಥವಿದೆ. ಓವರ್‌ಹೆಡ್ ಟ್ಯಾಂಕಿಗೆ ಒಳಮುಖ ಬಿಟ್ಟು ಹೊರಮುಖ ಮತ್ತು ನೀರಿನ ಮಟ್ಟ ಏರಿಳಿಯುವ ಪಟ್ಟಿ ಅಳೆಯಿರಿ, ರೆಸಿಸ್ಟಿವಿಟಿ ಜೊತೆಗಿರಲಿ. ಕಾಲುಸಂಕಕ್ಕೆ ತೊಲೆಯ ತಳ ಮತ್ತು ದಡದ ಕಡೆಯ ಕೂರುವ ಜಾಗ; ಎಲೆ, ಮಣ್ಣು ಕೊಳೆತು ಸದಾ ಒದ್ದೆಯಿರುವುದು ಅಲ್ಲೇ. ಪ್ರಿಸ್ಟ್ರೆಸ್ (ಒಳಗೆ ಉಕ್ಕಿನ ಕೇಬಲ್ ಬಿಗಿದು ಕಟ್ಟಿದ) ಸೇತುವೆಗಳಲ್ಲಿ ಲೋಹದ ಡಕ್ಟಿನ (ಕೊಳವೆಯ) ಒಳಗಿನ ಕೇಬಲ್ಲನ್ನು ಹಾಫ್ ಸೆಲ್ ನೋಡಲಾರದು, ಹೊರಗಿನ ಸಾದಾ ಕಂಬಿಯನ್ನಷ್ಟೇ ನೋಡುತ್ತದೆ. ಹಸಿರು ನಕ್ಷೆ ಕಂಡು ಸಮಾಧಾನಪಡುವಂತಿಲ್ಲ. ಶರಾವತಿ ಹಿನ್ನೀರಿನ ಸೇತುವೆಯಂಥ ದೊಡ್ಡ ಕಾಮಗಾರಿಗಳಲ್ಲಿ ಕಾಂಕ್ರೀಟ್ ಸುರಿಯುವ ಮುಂಚೆಯೇ ಬೇರೆ ಬೇರೆ ಆಳದಲ್ಲಿ ಸೆನ್ಸರ್ ಹೂಳಿಡುವುದು ಮೇಲು. ಸುರಿದ ಮೇಲೆ ಆ ಅವಕಾಶ ತಿರುಗಿ ಬರದು.

ವರದಿಯಲ್ಲಿ ಇವಿಷ್ಟು ಇದೆಯೇ ನೋಡಿ: ಅಳೆದ ದಿನ ಮತ್ತು ಹಿಂದಿನ ವಾರದ ಮಳೆ, ಎಲೆಕ್ಟ್ರೋಡಿನ ಜಾತಿ, ಕಂಬಿ ಸಂಪರ್ಕದ ರೋಧ, ಪ್ರತಿ ಬಿಂದುವಿನ ಬಿಡಿ ಅಂಕಿ, ಒಡೆದ ಜಾಗಗಳ ಫೋಟೊ ಅಳತೆಪಟ್ಟಿಯ ಸಮೇತ. ಬರೀ ಬಣ್ಣದ ನಕ್ಷೆ ಕೊಟ್ಟರೆ ಅಂಕಿ ಕೇಳಿ ಪಡೆಯಿರಿ. ಚೌಕದ ಮೊದಲ ಬಿಂದು ಯಾವ ಗೋಡೆಯ ಮೂಲೆಯಿಂದ ಎಷ್ಟು ಸೆಂಟಿಮೀಟರ್ ಎಂದು ಬರೆದು ಕರೆಂಟ್ ಮೀಟರ್ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿಡಿ. ಸ್ಲ್ಯಾಬಿನ ಮೇಲೆ ಹಾಕಿದ ಸೀಮೆಸುಣ್ಣದ ಗುರುತು ಮುಂದಿನ ದೀಪಾವಳಿಗೆ ಸುಣ್ಣ ಬಳಿದಾಗ ಹೋಗಿರುತ್ತದೆ.